ಮಗು ಎನ್‌ಐಸಿಯುನಲ್ಲಿ, ನಾನು ಮನೆಯಲ್ಲಿ

ಪ್ರಶ್ನೆ:
ಮಗಳು 31 ವಾರಕ್ಕೇ ಹುಟ್ಟಿದಳು, 1,400 ಗ್ರಾಂ. ನಿನ್ನೆ ನನಗೆ ಡಿಸ್ಚಾರ್ಜ್ ಆಯ್ತು, ಅವಳಿಗಿಲ್ಲ; ಎನ್‌ಐಸಿಯು, ಅಂದ್ರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲೇ ಇದ್ದಾಳೆ. ಬರಿಗೈಲಿ ಮನೆಗೆ ಬಂದೆ. ಪಂಪ್ ಮಾಡಿದರೆ ಬಾಟಲಿಯ ತಳವೂ ಒದ್ದೆಯಾಗಲ್ಲ. ಅಲ್ಲಿನ ಮಾನಿಟರ್ ಕೂಗಿದರೆ ಕೈಕಾಲು ತಣ್ಣಗಾಗುತ್ತೆ. ಎಲ್ಲರೂ ‘ಧೈರ್ಯವಾಗಿರು’ ಅಂತಾರೆ, ಹೇಗೆ ಅಂತ ಒಬ್ಬರೂ ಹೇಳಲ್ಲ.

ಉತ್ತರ 1:
ಧೈರ್ಯದ ಮಾತು ಬಿಡಿ, ಹಾಲಿನ ವಿಷಯಕ್ಕೆ ಬರೋಣ. ಮೊದಲ ದಿನಗಳಲ್ಲಿ ಹನಿ ಲೆಕ್ಕವೇ. ನಾನು ಆ ಗಿಣ್ಣುಹಾಲನ್ನು ಬಾಟಲಿಗಲ್ಲ, ಸಿರಿಂಜಿಗೆ ಹಿಡೀತಿದ್ದೆ. 2 ಎಂಎಲ್ ಕೂಡ ಅದರಲ್ಲಿ ಜಾಸ್ತಿ ಕಾಣುತ್ತೆ! ದಿನಕ್ಕೆ 8 ಸಲವಾದರೂ ಪಂಪ್ ಮಾಡಿ, ರಾತ್ರಿಯದ್ದನ್ನ ತಪ್ಪಿಸಬೇಡಿ. ಇನ್ನು ಮಾನಿಟರ್: ಎಷ್ಟೋ ಸಲ ಮಗು ಕಾಲು ಒದ್ದು ಪ್ರೋಬ್ (ಮೈಗೆ ಅಂಟಿಸಿದ ಸೆನ್ಸರ್) ಸಡಿಲವಾಗಿರುತ್ತೆ, ಅಷ್ಟೇ. ಯಾವ ಸದ್ದು ಯಾವುದಕ್ಕೆ ಅಂತ ನರ್ಸನ್ನ ಕೇಳಿ. ಮೊದಲ ವಾರ ನಾನು ಮಗನ ಮುಖಕ್ಕಿಂತ ಆ ಹಸಿರು ಗೆರೆಯನ್ನೇ ಹೆಚ್ಚು ನೋಡಿದ್ದೆ.

ಉತ್ತರ 2:
ಕಾಂಗರೂ ಆರೈಕೆ (ಮಗುವನ್ನ ಬರಿ ಎದೆಗೆ ಒತ್ತಿ ಮಲಗಿಸಿಕೊಳ್ಳೋದು) ಯಾವಾಗ ಶುರು ಅಂತ ನೀವೇ ಕೇಳಿ, ಅವರು ಹೇಳಲಿ ಅಂತ ಕಾಯಬೇಡಿ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಶುರುವಾದ ಪದ್ಧತಿ. ವಿಶ್ವ ಆರೋಗ್ಯ ಸಂಸ್ಥೆ 2022ರಿಂದ ದಿನಕ್ಕೆ 8ರಿಂದ 24 ಗಂಟೆ ಅನ್ನುತ್ತೆ. ವೈರು, ಟ್ಯೂಬು ಸಮೇತ ಮಗಳನ್ನ ನನ್ನ ಎದೆ ಮೇಲೆ ಮಲಗಿಸಿದಾಗ ಉಸಿರಾಡೋಕೂ ಹೆದರಿದ್ದೆ. ಅವಳೋ, ಬಾಯಿ ತೆರೆದು ನಿದ್ದೆ.

ಉತ್ತರ 3:
ಅಪ್ಪನ ಕಡೆಯಿಂದ ಒಂದು ಮಾತು. ನಿಮ್ಮ ಅಳು ಎರಡು ವಾರ ದಾಟಿದರೆ, ಮಲಗಲು ಬಿಡುವಿದ್ದೂ ನಿದ್ದೆ ಬಾರದಿದ್ದರೆ ಡಾಕ್ಟರಿಗೆ ಹೇಳಿ. ನಾವು ತಡ ಮಾಡಿದ್ವಿ.

ಪ್ರಶ್ನೆ ಕೇಳಿದವರು:
ಸಿರಿಂಜ್ ತಂದೆ. ಇವತ್ತು 3 ಎಂಎಲ್.