ಕೋನ್ ದಾರ ಯಾಕೆ ಜಗ್ಗುತ್ತದೆ? ದಾರದ ಸ್ಟ್ಯಾಂಡ್ ಬಗ್ಗೆ ಮೆಕ್ಯಾನಿಕ್ ಅಣ್ಣನಿಗೆ ಪ್ರಶ್ನೆಗಳು

ಮೆಕ್ಯಾನಿಕ್ ಅಣ್ಣ (ತುಮಕೂರು): ಎಲ್ಲರಿಗೂ ನಮಸ್ಕಾರ. ಹೋದ ವಾರ ಅಂಗಡಿಗೆ ಏಳು ಮೆಷಿನ್ ಬಂದವು. ಏಳಕ್ಕೂ ಒಂದೇ ದೂರು: ದಾರ ಕಟ್ಟಾಗುತ್ತದೆ, ಟೆನ್ಷನ್ (ದಾರದ ಬಿಗಿ) ನಿಲ್ಲುವುದಿಲ್ಲ. ಅದರಲ್ಲಿ ನಾಲ್ಕಕ್ಕೆ ಏನೂ ಆಗಿರಲಿಲ್ಲ. ದೊಡ್ಡ ಕೋನ್ (ಶಂಕು ಆಕಾರದಲ್ಲಿ ಸುತ್ತಿದ ದಾರದ ಉಂಡೆ) ತಂದು ಮೆಷಿನ್ ತಲೆ ಮೇಲಿನ ಸಣ್ಣ ಕಡ್ಡಿಗೆ ಸಿಕ್ಕಿಸಿದ್ದರು ಅಷ್ಟೇ. ಅದಕ್ಕೇ ಇವತ್ತು ರಾತ್ರಿ ದಾರದ ಸ್ಟ್ಯಾಂಡ್ ಬಗ್ಗೆ ಮಾತ್ರ ಕೇಳಿ. ಯಾವ ಮೆಷಿನ್, ಯಾವ ದಾರ ಅಂತ ಬರೆದು ಫೋಟೋ ಹಾಕಿ. "ನನ್ನ ಮೆಷಿನ್ ಸರಿ ಇಲ್ಲ, ಏನು ಮಾಡಲಿ" ಅಂತಷ್ಟೇ ಕೇಳಿದರೆ ಹೇಳೋಕೆ ನಾನು ಜ್ಯೋತಿಷಿ ಅಲ್ಲ.

ಹಾಸನದ ಹೊಸಬಿ: ಅಣ್ಣ, ನನ್ನದು ಉಷಾ ಜಾನೋಮೆ. ಸಣ್ಣ ರೀಲ್ ಬೇಗ ಮುಗಿಯುತ್ತೆ ಅಂತ ಕೋನ್ ತಂದೆ. ಅದಕ್ಕೆ ಸ್ಟ್ಯಾಂಡ್ ತಗೊಳ್ಳಲೇಬೇಕಾ? ಇಲ್ಲ ಅದು ಸುಮ್ನೆ ದುಡ್ಡು ಕೀಳುವ ಐಟಮ್ಮಾ?

ಮೆಕ್ಯಾನಿಕ್ ಅಣ್ಣ: ಕೋನ್ ಬಳಸುವುದಾದರೆ ಬೇಕು, ರೀಲಿಗೆ ಬೇಡ. ಎರಡರ ಸುತ್ತೇ ಬೇರೆ. ದಾರ ಬಳೆ ಥರ ಒಂದರ ಮೇಲೊಂದು ನೇರ ಸುತ್ತಿದ್ದರೆ ಆ ರೀಲ್ ನಿಂತ ಕಡ್ಡಿಯ ಮೇಲೆ ತಾನೇ ತಿರುಗುತ್ತಾ ದಾರ ಬಿಡಬೇಕು. ಅಡ್ಡಡ್ಡ, ಗುಣಿಸು ಚಿಹ್ನೆ ಥರ ಸುತ್ತಿದ್ದರೆ ದಾರ ತುದಿಯಿಂದ ಬಿಚ್ಚಿಕೊಳ್ಳಬೇಕು. ಕೋನ್ ಎಲ್ಲಾ ಅಡ್ಡ ಸುತ್ತು. ಅದು ಅಲ್ಲಾಡದೆ ಕೂತಿರಬೇಕು, ದಾರ ಮಾತ್ರ ನೆತ್ತಿಯಿಂದ ಮೇಲಕ್ಕೆ ಏಳಬೇಕು. ನಿಮ್ಮ ಮೆಷಿನ್ನಿನ ಕಡ್ಡಿ ಸಣ್ಣದು, ಅದಕ್ಕೆ ಕೋನ್ ಸರಿಯಾಗಿ ಕೂರುವುದಿಲ್ಲ, ಕೂರಿಸಿದರೂ ಅದರ ಭಾರಕ್ಕೆ ಕಡ್ಡಿ ಮುರಿಯಬಹುದು. ಸ್ಟ್ಯಾಂಡ್ ತಂದು ಮೆಷಿನ್ ಹಿಂದೆ ಇಡಿ. ಸ್ಟ್ಯಾಂಡಿನ ತುದಿಯಲ್ಲಿ ದಾರ ಹಾಯುವ ಕೊಕ್ಕೆ ಕೋನಿನ ನಡು ನೆತ್ತಿಗೆ ನೇರ ಮೇಲಿರಲಿ, ಕೋನಿನ ಎತ್ತರದ ಎರಡೂವರೆ ಪಟ್ಟು ಎತ್ತರ ಇರಲಿ. ಆಮೇಲೆ ಮೆಷಿನ್ನಿನ ಮೊದಲ ಗೈಡಿನಿಂದ (ದಾರ ಹಾಯಿಸುವ ಕೊಂಡಿ) ಮಾಮೂಲಿ ಥರ ಪೋಣಿಸಿ. ಗೈಡ್ ಬಿಟ್ಟು ಸೀದಾ ದಾರ ಒತ್ತಿ ಹಿಡಿಯುವ ಟೆನ್ಷನ್‌ಗೆ ಹೋಗಬೇಡಿ.

ಸ್ಟ್ಯಾಂಡ್ ಕೊಳ್ಳುವಾಗ ಬುಡ ಎತ್ತಿ ನೋಡಿ. ಭಾರದ ಕಬ್ಬಿಣದ ಬುಡ ಇದ್ದರೆ ತಗೊಳ್ಳಿ. ಹಗುರ ಪ್ಲಾಸ್ಟಿಕ್ ಆದರೆ ಮೆಷಿನ್ ನಡುಗಿದಾಗೆಲ್ಲ ಅದೂ ಮೇಜಿನ ಮೇಲೆ ನಡೆಯುತ್ತೆ.

ಬ್ಲೌಸ್ ಪ್ರಿಯೆ: ಸ್ಟ್ಯಾಂಡ್ ಬೆಲೆ ಎಷ್ಟು ಅಣ್ಣ?

ಮೆಕ್ಯಾನಿಕ್ ಅಣ್ಣ: ಊರಿಗೊಂದು ಬೆಲೆ. ಎರಡು ಅಂಗಡಿಯಲ್ಲಿ ಕೇಳಿ.

ದಾವಣಗೆರೆ ಅಕ್ಕ: ನಮಸ್ತೆ ಸರ್. ಜರಿ ದಾರದಲ್ಲಿ ಎಂಬ್ರಾಯ್ಡರಿ ಮಾಡುವಾಗ ಐದು ನಿಮಿಷಕ್ಕೊಮ್ಮೆ ಕಟ್ಟಾಗುತ್ತೆ. ಸ್ಟ್ಯಾಂಡಿನಲ್ಲೇ ಇಟ್ಟಿದ್ದೇನೆ. ಟೆನ್ಷನ್ ಪೂರ್ತಿ ಸಡಿಲ ಮಾಡಿಯಾಯಿತು.

ಮೆಕ್ಯಾನಿಕ್ ಅಣ್ಣ: ಒಳ್ಳೆ ಪ್ರಶ್ನೆ. ಇಲ್ಲಿ ಸ್ಟ್ಯಾಂಡೇ ತಪ್ಪು. ನಿಮ್ಮ ಜರಿ ರೀಲ್ ನೇರ ಸುತ್ತಿನದು, ಫೋಟೋದಲ್ಲಿ ಕಾಣುತ್ತಿದೆ. ಅದನ್ನು ನಿಲ್ಲಿಸಿ ನೆತ್ತಿಯಿಂದ ಎಳೆದರೆ ಬಿಚ್ಚುವ ಒಂದೊಂದು ಸುತ್ತಿಗೂ ದಾರಕ್ಕೆ ಒಂದೊಂದು ತಿರುಚು ಸೇರುತ್ತೆ. ನೂರು ಸುತ್ತು ಬಿಚ್ಚಿದರೆ ನೂರು ತಿರುಚು. ಮಾಮೂಲಿ ದಾರ ಅದನ್ನು ಹೇಗೋ ನುಂಗಿಕೊಳ್ಳುತ್ತೆ. ಜರಿಯ ಮೇಲಿರುವುದು ತೆಳ್ಳನೆ ಚಪ್ಪಟೆ ಪಟ್ಟಿ, ಅದು ಸುರುಳಿಯಾಗಿ ಸೂಜಿ ಕಣ್ಣಿನಲ್ಲಿ ಸಿಪ್ಪೆ ಏಳುತ್ತೆ. ರೀಲ್ ತಿರುಗುವ ಹಾಗೆ ನಿಂತ ಕಡ್ಡಿಗೆ ಹಾಕಿ, ಕೆಳಗೊಂದು ಉಣ್ಣೆಬಟ್ಟೆಯ ಬಿಲ್ಲೆ ಇಡಿ, ಇಲ್ಲದಿದ್ದರೆ ಮೆಷಿನ್ ನಿಂತ ಮೇಲೂ ರೀಲ್ ಸುತ್ತುತ್ತಲೇ ಇರುತ್ತೆ. ಸೂಜಿ 14 ಹಾಕಿ, ಜರಿಗೆಂದೇ ಬರುವ ದೊಡ್ಡ ಕಣ್ಣಿನದು ಸಿಕ್ಕರೆ ಅದೇ. ನಿಧಾನ ಹೊಲಿಯಿರಿ.

ಮಂಡ್ಯ ಫ್ಯಾಷನ್ಸ್: ಫಾರ್ವರ್ಡ್ ಮಾಡಿದ್ದು 👉 ದಾರ ಕಟ್ಟಾಗುತ್ತಿದೆಯೇ? ರೀಲನ್ನು ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಬೆಳಗ್ಗೆ ದಾರಕ್ಕೆ ಎರಡು ಹನಿ ಕೊಬ್ಬರಿ ಎಣ್ಣೆ ಸವರಿ. ಟೆನ್ಷನ್ ತಟ್ಟೆಗೂ ಒಂದು ಹನಿ ಬಿಡಿ. ನೂರಕ್ಕೆ ನೂರು ಗ್ಯಾರಂಟಿ 🙏🙏

ಮೆಕ್ಯಾನಿಕ್ ಅಣ್ಣ: ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ನಿಮ್ಮ ಪಾಲಿಸ್ಟರ್ ದಾರ ನೀರನ್ನೇ ಹೀರುವುದಿಲ್ಲ, ಫ್ರಿಜ್‌ನಲ್ಲಿಟ್ಟರೆ ತಣ್ಣಗಾಗುತ್ತೆ, ಬೇರೇನೂ ಇಲ್ಲ. ಎಣ್ಣೆ ಮಾತ್ರ ನಿಜವಾಗಿ ಹಾಳು ಮಾಡುತ್ತೆ. ಟೆನ್ಷನ್ ತಟ್ಟೆಗಳ ಕೆಲಸವೇ ದಾರವನ್ನು ಒತ್ತಿ ಹಿಡಿಯುವುದು. ಅಲ್ಲಿ ಎಣ್ಣೆ ಬಿದ್ದರೆ ಹಿಡಿತ ಹೋಗುತ್ತೆ, ಧೂಳು ಅಂಟಿ ಮೇಣದ ಥರ ಗಟ್ಟಿಯಾಗುತ್ತೆ, ಬಟ್ಟೆಗೆ ಕಲೆ ಬೇರೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತೆ. ಡಿಸೆಂಬರಿನಲ್ಲಿ ಮಡಿಕೇರಿ, ಚಿಕ್ಕಮಗಳೂರಿನ ಕಡೆಯವರು ಕೊಬ್ಬರಿ ಎಣ್ಣೆ ಬಿಟ್ಟ ಮೆಷಿನ್ ತಂದರೆ ಚಕ್ರವೇ ತಿರುಗುವುದಿಲ್ಲ. ತಲೆಗೆ ಹಚ್ಚುವುದನ್ನು ತಲೆಗೆ ಹಚ್ಚಿ.

ಮಂಡ್ಯ ಫ್ಯಾಷನ್ಸ್: ನಮ್ಮ ಅತ್ತೆ 30 ವರ್ಷದಿಂದ ಹಾಕುತ್ತಿದ್ದಾರೆ, ಏನೂ ಆಗಿಲ್ಲ.

ಮೆಕ್ಯಾನಿಕ್ ಅಣ್ಣ: ಅತ್ತೆಯವರಿಗೆ ನಮಸ್ಕಾರ ಹೇಳಿ.

ಹಳೇ ಟೈಲರ್ (ಮೈಸೂರು): ನಾವು ನಲವತ್ತು ವರ್ಷ ರೀಲಿನಲ್ಲೇ ಹೊಲಿದೆವು, ಮನೆ ಕಟ್ಟಿದೆವು, ಮಕ್ಕಳನ್ನು ಓದಿಸಿದೆವು. ಈ ಕೋನ್, ಸ್ಟ್ಯಾಂಡ್ ಎಲ್ಲಾ ಈಗಿನವರ ಷೋಕಿ. ಮನೆ ಮೆಷಿನ್ನಿಗೆ ಕೋನ್ ಹಾಕಬಾರದು.

ಗಾರ್ಮೆಂಟ್ಸ್ ಅಕ್ಕ (ಪೀಣ್ಯ): ಯಾರು ಹೇಳಿದ್ದು ಹಾಕಬಾರದು ಅಂತ? ನಮ್ಮಲ್ಲಿ ಪವರ್ ಮೆಷಿನ್ ನಿಮಿಷಕ್ಕೆ 4000–5000 ಹೊಲಿಗೆ ಹಾಕುತ್ತೆ, ಎಲ್ಲಾ ಕೋನೇ. ನಾನು ಮನೆಯಲ್ಲೂ ಅದೇ ಹಾಕುತ್ತೇನೆ. ಚಿಕ್ಕಪೇಟೆ ಕಡೆ ಕೆಜಿ ಲೆಕ್ಕದಲ್ಲಿ ಉಳಿಕೆ ಕೋನ್ ಸಿಗುತ್ತೆ, ಅಗ್ಗ.

ಹಳೇ ಟೈಲರ್ (ಮೈಸೂರು): ಕೆಜಿ ದಾರ ಎಲ್ಲಿಂದ ಬರುತ್ತೆ ಅಂತ ಎಲ್ಲರಿಗೂ ಗೊತ್ತು ಬಿಡಿ. ಫ್ಯಾಕ್ಟರಿ ಹಿಂಬಾಗಿಲಿಂದ.

ಗಾರ್ಮೆಂಟ್ಸ್ ಅಕ್ಕ (ಪೀಣ್ಯ): ಮಾತು ನೋಡಿಕೊಂಡು ಆಡಿ ಯಜಮಾನರೇ. ಸಂಜೆ ಗೇಟಿನಲ್ಲಿ ನಮ್ಮ ಬ್ಯಾಗ್ ಬಿಚ್ಚಿ ನೋಡಿಯೇ ಹೊರಗೆ ಬಿಡುವುದು. ಆರ್ಡರ್ ಮುಗಿದ ಮೇಲೆ ಉಳಿದ ಬಣ್ಣವನ್ನು ಕಂಪನಿಯವರೇ ಲಾಟ್ ಲೆಕ್ಕದಲ್ಲಿ ಮಾರುತ್ತಾರೆ. ಹೊಲಿಯುವವರನ್ನೆಲ್ಲ ಕಳ್ಳರು ಅನ್ನಬೇಡಿ.

ಹಳೇ ಟೈಲರ್ (ಮೈಸೂರು): ನಾನು ಯಾರ ಹೆಸರೂ ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಯಾಕೆ?

ಬಳ್ಳಾರಿ ಜೀನ್ಸ್: ಇಬ್ಬರೂ ಸ್ವಲ್ಪ ನಿಲ್ಲಿಸಿ. ಅಣ್ಣ, ಕೆಜಿ ದಾರ ಹಳೆಯದಾದರೆ ಹೇಗೆ ಗೊತ್ತಾಗುತ್ತೆ?

ಮೆಕ್ಯಾನಿಕ್ ಅಣ್ಣ: ಒಂದು ಗೇಣು ದಾರ ಎರಡೂ ಕೈಯಲ್ಲಿ ಹಿಡಿದು ಝಟ್ಟನೆ ಎಳೆಯಿರಿ. ಚಟ್ ಅಂತ ಗಟ್ಟಿಯಾಗಿ ಹರಿದರೆ ಪರವಾಗಿಲ್ಲ. ಮೆತ್ತಗೆ ಬಿಟ್ಟುಕೊಂಡರೆ ಬಿಸಾಕಿ. ಕೋನ್ ಕೆಳಗೆ ಬಿದ್ದು ಅಂಚು ಸೀಳಿದ್ದರೂ ಬೇಡ, ಸುತ್ತು ಬಿಚ್ಚುವಾಗೆಲ್ಲ ದಾರ ಅಲ್ಲೇ ಸಿಕ್ಕಿಕೊಳ್ಳುತ್ತೆ. ಕದ್ದದ್ದೋ ಕೊಂಡದ್ದೋ ನನ್ನ ವಿಷಯ ಅಲ್ಲ.

ತೀರ್ಥಹಳ್ಳಿ ಕಡೆಯವಳು: ಅಣ್ಣ ನಮಸ್ಕಾರ. ಹಳೇ ಕರಿ ಕಾಲು ಮೆಷಿನ್, ಎರಡು ವರ್ಷದ ಹಿಂದೆ ಮೋಟಾರ್ ಹಾಕಿಸಿದ್ದು. 5000 ಮೀಟರಿನ ಕೋನ್. ಹೊಸ ಕೋನ್ ಇದ್ದಾಗ ಹೊಲಿಗೆ ಚೆನ್ನಾಗಿ ಬರುತ್ತೆ, ಅರ್ಧ ಖಾಲಿಯಾದ ಮೇಲೆ ಬಟ್ಟೆ ಸುಕ್ಕಾಗುತ್ತೆ, ಜೋರಾಗಿ ಬಿಟ್ಟರೆ ಕಟ್ಟಾಗುತ್ತೆ. ಮೂರು ಕೋನ್ ಹೀಗೇ ಅರ್ಧಕ್ಕೆ ಬಿಟ್ಟಿದ್ದೇನೆ. ಸ್ಟ್ಯಾಂಡ್ ಇಲ್ಲ, ನಮ್ಮ ಯಜಮಾನರು ಬಟ್ಟೆ ಹ್ಯಾಂಗರಿನಿಂದ ಒಂದು ವ್ಯವಸ್ಥೆ ಮಾಡಿಕೊಟ್ಟಿದ್ದಾರೆ. ಫೋಟೋ ಹಾಕಿದ್ದೇನೆ.

ಮೆಕ್ಯಾನಿಕ್ ಅಣ್ಣ: ಅಕ್ಕಾ, ಫೋಟೋ ಸ್ವಲ್ಪ ದೂರದಿಂದ ತೆಗೆದು ಹಾಕಿ. ಆ ಹ್ಯಾಂಗರ್ ಎಲ್ಲಿಂದ ನೇತಾಡುತ್ತಿದೆ?

ತೀರ್ಥಹಳ್ಳಿ ಕಡೆಯವಳು: ಹಾಕಿದೆ ಅಣ್ಣ. ಕೋನ್ ಸ್ಟೀಲ್ ಲೋಟದಲ್ಲಿ ನಿಂತಿದೆ. ದಾರ ಹಾಯುವ ಹ್ಯಾಂಗರಿನ ಕೊಕ್ಕೆಯನ್ನು ಮೇಲಿನ ಬಲ್ಬಿನ ವೈರಿಗೆ ಸಿಕ್ಕಿಸಿದ್ದಾರೆ. ಇನ್ನೊಂದು ವಿಷಯ, ಇದಕ್ಕೆ ಸಂಬಂಧ ಇದೆಯೋ ಇಲ್ಲವೋ, ಈ ಮಳೆ ಹಿಡಿದ ಮೇಲೆ ಕೈಚಕ್ರ ಮುಟ್ಟಿದರೆ ಸ್ವಲ್ಪ ಜುಮ್ ಅನ್ನುತ್ತೆ.

ಮೆಕ್ಯಾನಿಕ್ ಅಣ್ಣ: ಅಕ್ಕಾ, ಈಗಲೇ ಮೋಟಾರಿನ ಪ್ಲಗ್ ಕಿತ್ತು ಬನ್ನಿ. ಸ್ವಿಚ್ ಆರಿಸಿ, ಆಮೇಲೆ ಕಿತ್ತು, ಆಮೇಲೆ ಓದಿ.

ಜುಮ್ ಅನ್ನುವುದು ಸಣ್ಣ ವಿಷಯ ಅಲ್ಲ. ನಿಮ್ಮ ಮೆಷಿನ್ ಪೂರ್ತಿ ಕಬ್ಬಿಣ. ಮೋಟಾರಿನ ಒಳಗೆ ತೇವವೋ ಕಾರ್ಬನ್ ಪುಡಿಯೋ ಸೇರಿ ಕರೆಂಟ್ ಮೈಗೆ ಸೋರುತ್ತಿದೆ. ಫೋಟೋದಲ್ಲಿ ಕಾಣುವುದು ಎರಡು ಪಿನ್ನಿನ ಪ್ಲಗ್, ಅಂದರೆ ಅರ್ಥ್ ಇಲ್ಲ. ಸೋರಿದ ಕರೆಂಟಿಗೆ ನೆಲ ಸೇರುವ ದಾರಿ ನೀವೇ. ಒಣ ನೆಲದಲ್ಲಿ ಜುಮ್ ಅಂದದ್ದು ಒದ್ದೆ ನೆಲದಲ್ಲಿ, ಬರಿಗಾಲಿನಲ್ಲಿ ಕೂತಾಗ ಅಷ್ಟಕ್ಕೇ ನಿಲ್ಲುವುದಿಲ್ಲ. ಆ ಬಲ್ಬಿನ ವೈರು ಕೂಡ ಹಳೆಯದು, ಅದಕ್ಕೆ ಲೋಹದ ಹ್ಯಾಂಗರ್ ನೇತು ಹಾಕಿ ಮೆಷಿನ್ ಓಡಿಸಿದರೆ ದಿನವಿಡೀ ಅದು ವೈರನ್ನು ಉಜ್ಜುತ್ತಲೇ ಇರುತ್ತೆ. ವೈರಿನ ಸಿಪ್ಪೆ ಹೋದ ದಿನ ಹ್ಯಾಂಗರಿಗೂ ಕರೆಂಟ್, ಅದರ ಕೆಳಗೇ ನಿಮ್ಮ ಕೈ. ಮೇನ್ ಸ್ವಿಚ್ ಆರಿಸಿದ ಮೇಲೆಯೇ ಅದನ್ನು ಇಳಿಸಿ. ಮೋಟಾರ್ ಬಿಚ್ಚಿ ಪರೀಕ್ಷೆ ಮಾಡಿಸಿ, ಮೂರು ಪಿನ್ನಿನ ಪ್ಲಗ್ ಹಾಕಿಸಿ, ಮೆಷಿನ್ ಮೈಯಿಂದ ಅರ್ಥ್ ವೈರ್ ಎಳೆಸಿ, ಮನೆಯ ಅರ್ಥ್ ನಿಜವಾಗಿ ಕೆಲಸ ಮಾಡುತ್ತಿದೆಯೇ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಆಗುವುದಾದರೆ ಬೋರ್ಡಿಗೆ ಕರೆಂಟ್ ಸೋರಿದರೆ ತಾನೇ ಆರುವ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿಸಿ.

ಈಗ ದಾರ. ಕೋನ್ ಖಾಲಿಯಾದ ಹಾಗೆ ಸುತ್ತಿನ ಮೈ ಸಣ್ಣದಾಗುತ್ತೆ, ಬಿಚ್ಚುವ ದಾರ ಕೋನಿನ ಮೂತಿಗೆ ತಾಗಿ ಉಜ್ಜಿಕೊಂಡೇ ಏಳಬೇಕು. ಕೊಕ್ಕೆ ನೆತ್ತಿಗೆ ನೇರ ಇದ್ದರೆ ಸುತ್ತಲೂ ಸಮ ಉಜ್ಜುತ್ತೆ, ತೊಂದರೆ ಇಲ್ಲ. ನಿಮ್ಮ ಹ್ಯಾಂಗರ್ ಲೋಟಕ್ಕಿಂತ ಒಂದು ಗೇಣು ಬಲಕ್ಕಿದೆ, ಮೇಲೆ ಫ್ಯಾನ್ ಗಾಳಿಗೆ ತೂಗುತ್ತೆ ಕೂಡ. ಹಾಗಾಗಿ ಪ್ರತಿ ಸುತ್ತಿನಲ್ಲೂ ಅರ್ಧ ಬಿಗಿ, ಅರ್ಧ ಸಡಿಲ. ತುಂಬಿದ ಕೋನಿನಲ್ಲಿ ಈ ತಪ್ಪು ಮುಚ್ಚಿಹೋಗುತ್ತೆ, ಅರ್ಧ ಆದ ಮೇಲೆ ಹೊರಗೆ ಬರುತ್ತೆ. ಹಗುರಾದ ಕೋನ್ ಲೋಟದೊಳಗೆ ಕುಣಿಯುತ್ತೆ ಬೇರೆ. ಟೆನ್ಷನ್ ಎಷ್ಟು ತಿರುಗಿಸಿದರೂ ಸರಿಹೋಗದು, ಯಾಕೆಂದರೆ ತಪ್ಪು ಟೆನ್ಷನ್‌ಗೆ ಬರುವ ಮೊದಲೇ ಆಗಿದೆ.

ಪರೀಕ್ಷೆ ಹೀಗೆ: ದಾರವನ್ನು ಮೊದಲ ಗೈಡಿಗೆ ಮಾತ್ರ ಹಾಕಿ, ಟೆನ್ಷನ್‌ಗೆ ಬೇಡ. ಒಂದು ಮಾರು ಕೈಯಲ್ಲಿ ಎಳೆಯಿರಿ. ಬೆರಳಿಗೆ ಝಟ್ ಝಟ್ ಅಂತ ಜಗ್ಗಿದರೆ ಮೆಷಿನ್ ಬಿಚ್ಚಬೇಡಿ, ಸ್ಟ್ಯಾಂಡ್ ಸರಿ ಮಾಡಿ. ಕೋನ್ ಕೆಳಗೆ ಸ್ಪಂಜಿನ ತುಂಡು ಇಟ್ಟು ಅಲ್ಲಾಡದ ಹಾಗೆ ಕೂರಿಸಿ. ಬಿಟ್ಟಿಟ್ಟ ಆ ಮೂರೂ ಕೋನ್ ಬಿಸಾಕಬೇಡಿ, ನಡೆಯುತ್ತವೆ.

ಮಂಡ್ಯ ಫ್ಯಾಷನ್ಸ್: ಜುಮ್ ಅನ್ನುವುದಕ್ಕೆ ಸುಲಭ ಉಪಾಯ, ಪ್ಲಗ್ ತಿರುಗಿಸಿ ಹಾಕಿ. ನಿಲ್ಲುತ್ತೆ. ರಬ್ಬರ್ ಚಪ್ಪಲಿ ಹಾಕಿಕೊಳ್ಳಿ.

ಮೆಕ್ಯಾನಿಕ್ ಅಣ್ಣ: ಮೇಡಂ, ಎಣ್ಣೆಯ ವಿಷಯದಲ್ಲಿ ನಕ್ಕು ಸುಮ್ಮನಾದೆ. ಇದರಲ್ಲಿ ಆಗುವುದಿಲ್ಲ. ಪ್ಲಗ್ ತಿರುಗಿಸಿದರೆ ಫೇಸೂ ನ್ಯೂಟ್ರಲ್ಲೂ ಅದಲು ಬದಲು ಆಗುತ್ತೆ, ಸೋರಿಕೆ ಅಲ್ಲೇ ಇರುತ್ತೆ. ಗೊತ್ತಾಗುವುದು ಮಾತ್ರ ನಿಲ್ಲುತ್ತೆ, ಮುಂದೆ ಯಾರೋ ಮತ್ತೆ ತಿರುಗಿಸಿ ಹಾಕುವವರೆಗೆ. ಅಡ್ಮಿನ್, ಆ ಕಾಮೆಂಟ್ ತೆಗೆಯಿರಿ.

ಮಂಡ್ಯ ಫ್ಯಾಷನ್ಸ್: ಸಹಾಯ ಮಾಡೋಕೆ ಬಂದರೆ ಹೀಗೆ ಮಾತಾಡುತ್ತೀರಾ? ನೀವೊಬ್ಬರೇ ಬುದ್ಧಿವಂತರಾ?

ಹಳೇ ಟೈಲರ್ (ಮೈಸೂರು): ಇದರಲ್ಲಿ ಅವರು ಹೇಳಿದ್ದು ಸರಿ ಕಣಮ್ಮ. ನಮ್ಮ ಬೀದಿಯಲ್ಲೇ ಒಬ್ಬರು ಇಸ್ತ್ರಿ ಪೆಟ್ಟಿಗೆಯಿಂದ ಹೋದರು.

ಬ್ಲೌಸ್ ಪ್ರಿಯೆ: ನೈಲಾನ್ ದಾರ ಕೋನಿನ ಬುಡಕ್ಕೆ ಜಾರಿ ಸುತ್ತಿಕೊಳ್ಳುತ್ತೆ ಅಣ್ಣ.

ಮೆಕ್ಯಾನಿಕ್ ಅಣ್ಣ: ಕೋನಿಗೆ ಬಲೆ ಹಾಕಿ. ಈರುಳ್ಳಿ ಬಲೆ ಅಲ್ಲ, ದಾರಕ್ಕೆಂದೇ ಮೆತ್ತಗಿನದು ಸಿಗುತ್ತೆ.

ಹುಬ್ಬಳ್ಳಿ ಹೊಲಿಗೆ: ಅಣ್ಣಾರ, ಎರಡು ಸೂಜಿ ಹಾಕಿ ಟಿ-ಶರ್ಟ್ ಅಂಚು ಹೊಲಿಯಲಿಕ್ಕೆ ಎರಡು ಕೋನ್ ಇಡಬೇಕೋ, ಒಂದು ಕೋನ್ ಒಂದು ರೀಲ್ ಸಾಕೋ?

ಕೋಲಾರ ಕ್ರಿಯೇಷನ್ಸ್: ನನ್ನದೂ ದಾರ ಕಟ್ಟಾಗುತ್ತೆ. ಏನು ಮಾಡಲಿ?

ಮೆಕ್ಯಾನಿಕ್ ಅಣ್ಣ: ಮೇಲೆ ಓದಿ.

ಕೋಲಾರ ಕ್ರಿಯೇಷನ್ಸ್: ತುಂಬಾ ಇದೆ ಸರ್, ಸ್ವಲ್ಪ ಶಾರ್ಟ್ ಆಗಿ ಹೇಳಿ.

ಮೆಕ್ಯಾನಿಕ್ ಅಣ್ಣ: ಓದಿ.

ಬೆಂಗಳೂರು ಬೊಟಿಕ್: ಸ್ಟ್ಯಾಂಡ್ ಬೆಲೆ ಎಷ್ಟು? ಲಿಂಕ್ ಹಾಕಿ.

ಗಾರ್ಮೆಂಟ್ಸ್ ಅಕ್ಕ (ಪೀಣ್ಯ): ನಾನು ಒಂದು ಕೋನಿನದಕ್ಕೆ 220 ಕೊಟ್ಟೆ. ಅದೂ ಹಿಂಬಾಗಿಲಿಂದ ಅಲ್ಲ, ಬಿಲ್ ಇದೆ.

ಹಳೇ ಟೈಲರ್ (ಮೈಸೂರು): ಇನ್ನೂ ಬಿಟ್ಟಿಲ್ಲವಾ ತಾಯಿ.

ತೀರ್ಥಹಳ್ಳಿ ಕಡೆಯವಳು: ಅಣ್ಣ, ಪ್ಲಗ್ ಕಿತ್ತೆ. ಎಲೆಕ್ಟ್ರಿಷಿಯನ್ ನಾಡಿದ್ದು ಬರುತ್ತೇನೆ ಅಂದರು. ನಾಳೆ ಬೆಳಗ್ಗೆ ಎರಡು ಬ್ಲೌಸ್ ಕೊಡಬೇಕಿತ್ತು, ಮೋಟಾರಿನ ಬೆಲ್ಟ್ ಬಿಚ್ಚಿ ಹಳೇ ಚರ್ಮದ ಬೆಲ್ಟ್ ಹಾಕಿಕೊಂಡು ಕಾಲಲ್ಲೇ ತುಳಿದೆ. ಕಾಲು ನೋಯುತ್ತಿದೆ, ಅಭ್ಯಾಸ ತಪ್ಪಿಹೋಗಿತ್ತು. ದಾರ ಒಂದು ಸಲವೂ ಕಟ್ಟಾಗಲಿಲ್ಲ, ಅದೂ ಅರ್ಧ ಬಿಟ್ಟಿದ್ದ ಕೋನಿನಲ್ಲೇ.

ಮೆಕ್ಯಾನಿಕ್ ಅಣ್ಣ: ಒಳ್ಳೆಯದಾಯಿತು. ಹ್ಯಾಂಗರ್?

ತೀರ್ಥಹಳ್ಳಿ ಕಡೆಯವಳು: ಮೇನ್ ಆರಿಸಿ ಇಳಿಸಿದೆವು. ಕಿಟಕಿಯ ಮರದ ಚೌಕಟ್ಟಿಗೆ ಮೊಳೆ ಹೊಡೆದು ಅದರ ನೇರಕ್ಕೆ ಲೋಟ ಇಟ್ಟಿದ್ದಾರೆ. ಫೋಟೋ ನೋಡಿ. ಯಜಮಾನರು ನಿಮ್ಮ ಉತ್ತರ ಎರಡು ಸಲ ಓದಿದರು, ಏನೂ ಮಾತಾಡಲಿಲ್ಲ.

ಮೆಕ್ಯಾನಿಕ್ ಅಣ್ಣ: ನೇರ ಇದೆ. ಇನ್ನು ನಾಲ್ಕು ಬೆರಳು ಮೇಲೆ ಏರಿಸಿ. ನಾನು ಮಲಗುತ್ತೇನೆ, ಬೆಳಗ್ಗೆ ಅಂಗಡಿ ತೆಗೆಯಬೇಕು.

ಹುಬ್ಬಳ್ಳಿ ಹೊಲಿಗೆ: ಅಣ್ಣಾರ, ಎರಡು ಸೂಜಿದು?