ಆಪರೇಷನ್‌ಗೆ ಆಸ್ಪತ್ರೆ ಆರಿಸುವಾಗ ಏನು ನೋಡಬೇಕು? ಅನುಭವ ಇದ್ದವರು ಹೇಳಿ

ಪ್ರಶ್ನೆ

ಅಮ್ಮನಿಗೆ 69 ವರ್ಷ. ಸೊಂಟದ ಕೀಲು ಸವೆದಿದೆ, ಬದಲಾಯಿಸಲೇಬೇಕು ಎಂದಿದ್ದಾರೆ. ಎರಡು ಆಸ್ಪತ್ರೆ ನಮ್ಮ ಮುಂದಿವೆ. ಒಂದು ನಗರದ ದೊಡ್ಡ ಆಸ್ಪತ್ರೆ. ಎಲ್ಲ ವಿಭಾಗಗಳೂ ಇವೆ, ಜನವೋ ಜನ. ಇನ್ನೊಂದು ಸಣ್ಣದು, ಅಚ್ಚುಕಟ್ಟು, ಮೂಳೆ ಆಪರೇಷನ್ ಮಾತ್ರ ಮಾಡುತ್ತಾರೆ. ಎರಡೂ ಕಡೆ ಡಾಕ್ಟರ್ ಒಳ್ಳೆಯವರೇ ಎನ್ನುತ್ತಾರೆ. ನನಗೆ ಇರುವ ಚಿಂತೆ ಆಪರೇಷನ್ ಆದ ಮೇಲಿನದು. ಸಿಬ್ಬಂದಿ ಸಾಲದು ಎಂಬ ದೂರು ಎಲ್ಲ ಕಡೆ ಕೇಳುತ್ತೇನೆ. ನೋಡಿಕೊಳ್ಳುವವರು ಹೇಗಿದ್ದಾರೆ ಅಂತ ಮೊದಲೇ ತಿಳಿಯುವುದು ಹೇಗೆ? ಆಸ್ಪತ್ರೆಗಳ ಹೆಸರು ಬೇಡ, ನೀವು ಕಂಡಿದ್ದು ಹೇಳಿ.

ಅಪ್ಪನ ಜೊತೆ ವಾರ್ಡಿನಲ್ಲಿ ಇದ್ದವನು

ಡಾಕ್ಟರನ್ನು ಹಗಲು ನೋಡಿದ್ದೀರಿ. ಆಸ್ಪತ್ರೆಯನ್ನು ರಾತ್ರಿ ನೋಡಿ. ಭೇಟಿಯ ಸಮಯ ಮುಗಿಯುವ ಹೊತ್ತಿಗೆ ಅಮ್ಮ ಮಲಗಬೇಕಾದ ಮಹಡಿಗೆ ಹೋಗಿ, ಸ್ವಲ್ಪ ಹೊತ್ತು ಕಾರಿಡಾರಿನಲ್ಲಿ ನಿಲ್ಲಿ. ಕೆಳಗಿನ ರಿಸೆಪ್ಷನ್ ಹೇಗಿದೆ ಅನ್ನೋದು ಲೆಕ್ಕಕ್ಕಿಲ್ಲ. ಅಮ್ಮ ಅಲ್ಲಿ ಮಲಗುವುದಿಲ್ಲವಲ್ಲ. ಮಹಡಿಯಲ್ಲಿ ಬೆಲ್ ಹೊಡೆದರೆ ಏನಾಗುತ್ತದೆ ನೋಡಿ. ಯಾರೂ ಓಡಿ ಬರಬೇಕಿಲ್ಲ. "ಬಂದೆ ಇರಿ" ಅಂತ ಹೇಳಿ ನಿಜವಾಗಿ ಬರುತ್ತಾರಾ ಅಷ್ಟು ಸಾಕು.

ಅಪ್ಪನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಸರ್ಜನ್ ಹೆಸರಾಂತರು, ಕೆಲಸ ಚೆನ್ನಾಗಿಯೇ ಮಾಡಿದ್ದರು. ಮಧ್ಯರಾತ್ರಿ ಅಪ್ಪನ ಉಸಿರು ಜೋರಾಯಿತು. ಇಡೀ ವಾರ್ಡಿಗೆ ಒಬ್ಬರೇ ಸಿಸ್ಟರ್. ಡ್ಯೂಟಿ ಡಾಕ್ಟರ್ ಎಮರ್ಜೆನ್ಸಿಯಲ್ಲಿ ಸಿಕ್ಕಿಕೊಂಡಿದ್ದರು, ಮೂರು ಮಹಡಿಗೆ ಅವರೊಬ್ಬರೇ. "ಅಪ್ಪ ಒದ್ದಾಡುತ್ತಿದ್ದಾರೆ" ಎಂದು ಹೇಳಿದಾಗ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಆಪರೇಷನ್ ಆದವರು ಒದ್ದಾಡುವುದು ಸಹಜ ಅಲ್ವಾ. ಪಕ್ಕದ ಮಂಚದವರ ಮಗಳು ಒಂದು ದಾರಿ ಹೇಳಿಕೊಟ್ಟರು: "ಸಂಜೆ ಹೇಗಿದ್ದರು, ಈಗ ಹೇಗಿದ್ದಾರೆ, ಅದನ್ನು ಹೇಳಿ." ಗಡಿಯಾರ ನೋಡಿ ಉಸಿರು ಎಣಿಸಿದೆ. ನಿಮಿಷಕ್ಕೆ 30ರ ಹತ್ತಿರ. "ಸಂಜೆ ಮಾತಾಡುತ್ತಿದ್ದರು, ಈಗ ಕರೆದರೆ ಕಣ್ಣು ಮಾತ್ರ ತೆರೆಯುತ್ತಾರೆ, ಉಸಿರು 30" ಎಂದೆ. ಸಿಸ್ಟರ್ ತಕ್ಷಣ ಫೋನ್ ಎತ್ತಿದರು. ಡಾಕ್ಟರ್ ಬಂದರು, ಐಸಿಯುಗೆ ಕಳಿಸಿದರು, ಅಪ್ಪ ಉಳಿದರು.

ಹಾಗಾಗಿ ನೀವು ಎರಡೂ ಕಡೆ ಕೇಳಬೇಕಾದದ್ದು ಇಷ್ಟೇ. ರಾತ್ರಿ ಈ ವಾರ್ಡಿನಲ್ಲಿ ಎಷ್ಟು ರೋಗಿಗಳಿಗೆ ಒಬ್ಬ ಸಿಸ್ಟರ್? ರಾತ್ರಿ ಡಾಕ್ಟರ್ ಕಟ್ಟಡದ ಒಳಗೆ ಇರುತ್ತಾರಾ, ಮನೆಯಿಂದ ಬರಬೇಕಾ?

ವಾರ್ಡ್ ಸಿಸ್ಟರ್

ಮೇಲಿನವರು ಹೇಳಿದ ಮೊದಲ ಪ್ರಶ್ನೆಗೆ ನಮ್ಮ ಕಡೆಯಿಂದ ಉತ್ತರ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2004ರಿಂದ ಇದಕ್ಕೆ ಕಾನೂನೇ ಇದೆ. ಸಾಮಾನ್ಯ ವಾರ್ಡಿನಲ್ಲಿ ಒಬ್ಬ ನರ್ಸ್‌ಗೆ ಈಗ ಹೆಚ್ಚೆಂದರೆ 5 ರೋಗಿಗಳು, ಐಸಿಯುನಲ್ಲಿ 2. ಬಹಳ ಕಡೆ ಈ ಸಂಖ್ಯೆ ಕೇಳಿದರೆ ನಗುತ್ತಾರೆ, ನನಗೆ ಗೊತ್ತು. ಆದರೆ ಇದು ನರ್ಸ್‌ಗಳ ಸುಖಕ್ಕೆ ಮಾಡಿದ ಲೆಕ್ಕವಲ್ಲ. 2002ರಲ್ಲಿ ಅಮೆರಿಕದ್ದೇ ಇನ್ನೊಂದು ರಾಜ್ಯ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಅಧ್ಯಯನವೊಂದು ಬಂತು. ಆಪರೇಷನ್ ಆದವರಲ್ಲಿ, ನರ್ಸ್‌ಗೆ ಒಬ್ಬೊಬ್ಬ ರೋಗಿ ಹೆಚ್ಚಾದಂತೆ 30 ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಏರುತ್ತಿತ್ತು. ಯಾಕೆಂದರೆ ಕೆಡುತ್ತಿರುವುದನ್ನು ಮೊದಲು ಕಾಣಬೇಕಾದವಳು ನಾನು. ನಾನು ಇನ್ನೊಂದು ಮಂಚದ ಹತ್ತಿರ ಇದ್ದರೆ ಕಾಣುವುದು ಯಾರು?

ಸಂಖ್ಯೆ ಒಂದನ್ನೇ ನಂಬಬೇಡಿ. ಆರು ಜನಕ್ಕೆ ಒಬ್ಬರು ಎನ್ನುತ್ತಾರೆ, ಆ ಒಬ್ಬರು ನಿನ್ನೆ ಸೇರಿದವರು ಆಗಿರಬಹುದು. ಅಥವಾ ಅರ್ಧ ಪಾಳಿ ಲ್ಯಾಬಿಗೆ ಅಲೆದು, ಬೆಡ್‌ಶೀಟ್ ಹುಡುಕಿ, ಫೋನಿನಲ್ಲಿ ಕಾದು ಕಳೆಯುತ್ತಿರಬಹುದು. ನಮ್ಮ ಸಮಯ ಹೋಗುವುದು ಹೆಚ್ಚಾಗಿ ಅಲ್ಲೇ. "ಸಿಸ್ಟರ್ ಎಷ್ಟು ವರ್ಷದಿಂದ ಇಲ್ಲಿದ್ದೀರಿ?" ಅಂತ ಸುಮ್ನೆ ಮಾತಿಗೆ ಕೇಳಿ. ಐದಾರು ವರ್ಷದವರು ಕೆಲವರಾದರೂ ಇದ್ದರೆ ಒಳ್ಳೆಯದು. ಎಲ್ಲರೂ ಹೊಸಬರೇ ಆದರೆ ಜನ ಅಲ್ಲಿ ನಿಲ್ಲುತ್ತಿಲ್ಲ ಎಂದು ಅರ್ಥ.

ಇನ್ನೊಂದು. ಪಾಳಿ ಬದಲಾಗುವ ಹೊತ್ತಿನಲ್ಲಿ ಎಲ್ಲಿ ನಿಂತು ವಿಷಯ ಒಪ್ಪಿಸುತ್ತಾರೆ ನೋಡಿ. ಮಂಚದ ಪಕ್ಕ ನಿಂತು, ರೋಗಿಯನ್ನು ತೋರಿಸಿ, ಡ್ರಿಪ್, ಟ್ಯೂಬ್, ಡ್ರೆಸ್ಸಿಂಗ್ ನೋಡುತ್ತಾ ಒಪ್ಪಿಸಿದರೆ ಅದು ಒಳ್ಳೆಯ ವಾರ್ಡ್. ಟೇಬಲ್ ಹತ್ತಿರ ಕೂತು ಪುಸ್ತಕ ಓದಿ ಮುಗಿಸಿದರೆ ಅರ್ಧ ವಿಷಯ ಅಲ್ಲೇ ಉದುರಿಹೋಗುತ್ತದೆ. ಹಾಗೇ ಒಂದು ವಿನಂತಿ: ಮಾತ್ರೆ ಟ್ರಾಲಿ ತಳ್ಳಿಕೊಂಡು ಬರುವಾಗ "ಸಿಸ್ಟರ್, ಫ್ಯಾನ್ ಕಡಿಮೆ ಮಾಡಿ" ಅಂತ ಕರೆಯಬೇಡಿ. ಮಾತ್ರೆ ತಪ್ಪುವುದು ಆಗಲೇ.

ಸೊಂಟದ ಕೀಲು ಬದಲಾಯಿಸಿಕೊಂಡವರು

ನನ್ನದು ಚಿಕ್ಕ ಮಾತು. ಆಪರೇಷನ್‌ಗಿಂತ ಕಷ್ಟ ಬಾತ್‌ರೂಮು. ಬೆಲ್ ಕೈಗೆ ಸಿಗುವ ಹಾಗಿದೆಯಾ ನೋಡಿ, ನನ್ನದು ಗೋಡೆಯಲ್ಲಿ ತಲೆಯ ಹಿಂದೆ ಇತ್ತು. ಯಾರೂ ಬರುವುದಿಲ್ಲ ಅಂತ ಒಬ್ಬರೇ ಎದ್ದು ಹೋಗುವವರೇ ಬೀಳುವುದು. ಅಮ್ಮನಿಗೆ ಮೊದಲೇ ಹೇಳಿಡಿ, ಸಂಕೋಚ ಬೇಡ, ಕರೆಯಲಿ. ನೋವಿನ ಮಾತ್ರೆಯನ್ನು ಫಿಸಿಯೋ ಬರುವ ಮೊದಲು ಕೊಡಿಸಿ, ಬಂದು ಹೋದ ಮೇಲೆ ಅಲ್ಲ. ನೋವಿಗೆ ಹೆದರಿ ಮೊದಲ ದಿನ ಎದ್ದು ನಿಲ್ಲದಿದ್ದರೆ ಎಲ್ಲ ತಡವಾಗುತ್ತದೆ. ಹಿಮ್ಮಡಿ ಕೂಡ ನೋಡುತ್ತಿರಿ. ಎಲ್ಲರೂ ಸೊಂಟ, ಬೆನ್ನು ನೋಡುತ್ತಾರೆ, ನನಗೆ ಮಲಗಿ ಮಲಗಿ ಹುಣ್ಣಾಗಿದ್ದು ಹಿಮ್ಮಡಿಯಲ್ಲಿ.

ಒಬ್ಬ ಡ್ಯೂಟಿ ಡಾಕ್ಟರ್

ದೊಡ್ಡದಾ ಸಣ್ಣದಾ ಎನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಕೀಲು ಬದಲಾವಣೆಯನ್ನು ದಿನವೂ ಮಾಡುವ ತಂಡ ವರ್ಷಕ್ಕೆ ಕೆಲವೇ ಮಾಡುವ ತಂಡಕ್ಕಿಂತ ಒಳ್ಳೆಯದು, ಇದರಲ್ಲಿ ಅನುಮಾನ ಇಲ್ಲ. ಆ ಲೆಕ್ಕದಲ್ಲಿ ನಿಮ್ಮ ಸಣ್ಣ ಆಸ್ಪತ್ರೆ ಗೆಲ್ಲಬಹುದು. ಆದರೆ ಅಮ್ಮನಿಗೆ ಹೃದಯದ ತೊಂದರೆಯೋ ಕಿಡ್ನಿ ತೊಂದರೆಯೋ ಇದ್ದರೆ ಲೆಕ್ಕ ತಿರುಗುತ್ತದೆ. ಸಣ್ಣ ಆಸ್ಪತ್ರೆಯಲ್ಲಿ ನೇರವಾಗಿ ಕೇಳಿ: "ರಾತ್ರಿ ಎರಡು ಗಂಟೆಗೆ ಬಿಪಿ ಬಿದ್ದರೆ ಏನು ಮಾಡುತ್ತೀರಿ?" ಅರಿವಳಿಕೆ ಡಾಕ್ಟರ್ ಎಲ್ಲಿರುತ್ತಾರೆ, ರಕ್ತ ಎಲ್ಲಿಂದ ತರುತ್ತಾರೆ, ಐಸಿಯು ಬೇಕಾದರೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ. ಒಳ್ಳೆಯ ಸಣ್ಣ ಆಸ್ಪತ್ರೆಗೆ ಇದಕ್ಕೆ ಸಿದ್ಧ ಉತ್ತರ ಇರುತ್ತದೆ. "ಹಾಗೆಲ್ಲ ಆಗುವುದಿಲ್ಲ ಬಿಡಿ" ಎಂದರೆ ಎದ್ದು ಬನ್ನಿ.

ಆಪರೇಷನ್ ದಿನ ಹೆಸರು, ಯಾವ ಕಾಲು, ಯಾವ ಆಪರೇಷನ್ ಅಂತ ಹತ್ತು ಜನ ಹತ್ತು ಸಲ ಕೇಳುತ್ತಾರೆ. ಬೇಸರ ಬೇಡ. ಕೇಳದಿದ್ದರೆ ಹೆದರಬೇಕು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶಗಳ ಒಂದು ಪಟ್ಟಿ ಮಾಡಿತು. ಅರಿವಳಿಕೆ ಕೊಡುವ ಮೊದಲು, ಕೊಯ್ಯುವ ಮೊದಲು, ರೋಗಿ ಥಿಯೇಟರ್ ಬಿಡುವ ಮೊದಲು, ಹೀಗೆ ಮೂರು ಸಲ ನಿಂತು ಓದಬೇಕು. ಕೊಯ್ಯುವ ಮುಂಚಿನ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಹೋಗಿದೆಯಾ ಅನ್ನುವುದೂ ಅದರಲ್ಲಿದೆ. ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಸಾವು ಶೇ. 1.5ರಿಂದ 0.8ಕ್ಕೆ ಇಳಿದಿತ್ತು. ಹೊಸ ಮೆಷಿನ್ ಇಲ್ಲ, ಹೊಸ ಔಷಧಿ ಇಲ್ಲ, ಒಂದು ಹಾಳೆ ಅಷ್ಟೇ. ಕೆಲವು ಕಡೆ ಆಪರೇಷನ್ ಮುಗಿದ ಮೇಲೆ ಒಟ್ಟಿಗೆ ಟಿಕ್ ಹಾಕುತ್ತಾರೆ, ಅದು ಬೇರೆ ಕಥೆ.

ವಾರ್ಡಿಗೆ ಬಂದ ಮೇಲೆ ಮಂಚದ ಚಾರ್ಟ್ ನೋಡಿ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಒಂದು ಅಂಕಪದ್ಧತಿ ತಂದಿತು. ಉಸಿರಾಟ, ಆಮ್ಲಜನಕ, ಬಿಪಿ, ನಾಡಿ, ಜ್ವರ, ಎಚ್ಚರ, ಪ್ರತಿಯೊಂದಕ್ಕೂ ಅಂಕ. ಅಂಕ ಏರಿದರೆ ಡಾಕ್ಟರನ್ನು ಕರೆಯಲೇಬೇಕು. ಆ ಪದ್ಧತಿ ನಿಮ್ಮ ಆಸ್ಪತ್ರೆಯಲ್ಲಿ ಇರಲಿ ಬಿಡಲಿ, ಉಸಿರಾಟದ ಸಾಲು ನೋಡಿ. ಬಹಳ ಸಲ ಮೊದಲು ಬದಲಾಗುವುದು ಅದೇ, ಎಲ್ಲಕ್ಕಿಂತ ಕಡಿಮೆ ಎಣಿಸುವುದೂ ಅದನ್ನೇ. ವಾರ್ಡಿನಲ್ಲಿ ಎಲ್ಲರ ಉಸಿರೂ, ಎಲ್ಲ ಹೊತ್ತಿನಲ್ಲೂ 18 ಅಂತ ಬರೆದಿದ್ದರೆ ಯಾರೂ ಎಣಿಸಿಲ್ಲ.

ಅತ್ತೆಯನ್ನು ಸಣ್ಣ ಆಸ್ಪತ್ರೆಗೆ ಸೇರಿಸಿದ್ದವರು

ಇಷ್ಟೆಲ್ಲ ತಪಾಸಣೆ ಮಾಡುತ್ತಾ ಹೋದರೆ ಅಲ್ಲಿಯವರಿಗೆ ನಾವು ಯಾರೋ ಇನ್‌ಸ್ಪೆಕ್ಟರ್ ಅನ್ನಿಸುವುದಿಲ್ಲವಾ? ನಮ್ಮ ಅತ್ತೆಯನ್ನು ಅಲ್ಲಿಯ ಆಯಾ ಹೆಸರು ಹಿಡಿದು ಕರೆಯುತ್ತಿದ್ದರು. ಅತ್ತೆ ಯಾಕೋ ಇವತ್ತು ಮಂಕಾಗಿದ್ದಾರೆ ಎಂದು ಮೊದಲು ಹೇಳಿದ್ದು ಅವರೇ, ಸೋಡಿಯಂ ಕಡಿಮೆಯಾಗಿತ್ತು. ಚಾರ್ಟಿನಲ್ಲಿ ಏನೂ ಇರಲಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಅವರು ಬರೀ ಮಂಚದ ನಂಬರ್ ಆಗಿರುತ್ತಿದ್ದರು.

ವಾರ್ಡ್ ಸಿಸ್ಟರ್

ನೀವು ಹೇಳಿದ್ದು ಸರಿ, ಆಯಾ ಕಣ್ಣಿಗೆ ಬೀಳುವಷ್ಟು ಡಾಕ್ಟರ್ ಕಣ್ಣಿಗೆ ಬೀಳುವುದಿಲ್ಲ. ಸ್ನಾನ ಮಾಡಿಸುವವರು, ಬೆಡ್‌ಪ್ಯಾನ್ ಕೊಡುವವರು ಅವರು. ಅವರ ಮಾತನ್ನು ಸಿಸ್ಟರ್ ಕೇಳುತ್ತಾರಾ, ಸಿಸ್ಟರ್ ಮಾತನ್ನು ಡಾಕ್ಟರ್ ಕೇಳುತ್ತಾರಾ, ಅದನ್ನು ಗಮನಿಸಿ. ರೌಂಡ್ಸ್ ಹೊತ್ತಿನಲ್ಲಿ ಗೊತ್ತಾಗುತ್ತದೆ. ಸಿಸ್ಟರ್ ಫೈಲ್ ಹಿಡಿದು ಹಿಂದೆ ನಿಂತಿದ್ದಾರಾ, ಮಾತಾಡುತ್ತಿದ್ದಾರಾ?

ಪ್ರಶ್ನೆ ಕೇಳಿದರೆ ನಮಗೆ ಬೇಜಾರಿಲ್ಲ, ಕೇಳುವ ರೀತಿ ಇದೆಯಲ್ಲ, ಅಷ್ಟೇ. "ಕೈ ತೊಳೆದಿರಾ?" ಎಂದು ನೇರವಾಗಿ ಕೇಳಲು ಮುಜುಗರವಾದರೆ ಮಂಚದ ಹತ್ತಿರದ ಸ್ಯಾನಿಟೈಸರ್ ಬಾಟಲಿ ಖಾಲಿಯಾಗಿದೆ ಎಂದು ಹೇಳಿ, ವಿಷಯ ಮುಟ್ಟುತ್ತದೆ. ಗ್ಲೌಸ್ ಹಾಕಿದ್ದರೆ ಸಾಲದು. ಅದೇ ಗ್ಲೌಸಿನಲ್ಲಿ ಪಕ್ಕದ ಮಂಚದಿಂದ ಬಂದಿದ್ದರೆ ಬರಿಗೈಯೇ ವಾಸಿ. ಯೂರಿನ್ ಟ್ಯೂಬ್ ಹಾಕಿದ್ದರೆ "ಯಾವಾಗ ತೆಗೆಯುತ್ತೀರಿ?" ಅಂತ ದಿನವೂ ಕೇಳಿ. ಅದು ಮರೆತುಹೋಗುವ ವಸ್ತು, ಇದ್ದಷ್ಟು ದಿನ ಸೋಂಕಿನ ದಾರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಎರಡೂ ಕಡೆ ಒಬ್ಬರನ್ನು ಮಾತ್ರ ಜೊತೆಗೆ ಬಿಡುತ್ತಾರೆ. ತಮ್ಮ ಬೇರೆ ಊರಿನಲ್ಲಿದ್ದಾನೆ, ನನಗೂ ಕೆಲಸ. ಹಗಲು ಇರುವುದಾ, ರಾತ್ರಿ ಇರುವುದಾ?

ವಾರ್ಡ್ ಸಿಸ್ಟರ್

ಮೊದಲ ಎರಡು ರಾತ್ರಿ ಇರಿ, ಬೆಳಗ್ಗೆ ರೌಂಡ್ಸ್ ಮುಗಿಸಿಕೊಂಡು ಹೋಗಿ. ಮಧ್ಯಾಹ್ನ ಸಿಬ್ಬಂದಿ ಜಾಸ್ತಿ ಇರುತ್ತಾರೆ, ನಡೆಯುತ್ತದೆ. ವಯಸ್ಸಾದವರಿಗೆ ಆಪರೇಷನ್ ಆದ ಮೇಲೆ ರಾತ್ರಿ ಗೊಂದಲ ಶುರುವಾಗಬಹುದು, ಇದಕ್ಕೆ ಡೆಲಿರಿಯಂ ಎನ್ನುತ್ತೇವೆ. ಎಲ್ಲಿದ್ದೇನೆ ಗೊತ್ತಾಗುವುದಿಲ್ಲ, ಟ್ಯೂಬ್ ಕೀಳುತ್ತಾರೆ. ಇದು ಎಲ್ಲರಿಗೂ ಕಾಣುತ್ತದೆ. ಕಾಣದೇ ಹೋಗುವುದು ಇನ್ನೊಂದು ಬಗೆ. ಮಾತಿಲ್ಲ ಕತೆಯಿಲ್ಲ, ಸುಮ್ಮನೆ ಮಲಗಿರುತ್ತಾರೆ, ಪಾಪ ಸುಸ್ತು ಎಂದು ನಾವೂ ಬಿಟ್ಟುಬಿಡುತ್ತೇವೆ. ನಿಮ್ಮ ಅಮ್ಮ ಯಾವಾಗಲೂ ಹೇಗಿರುತ್ತಾರೆ ಅನ್ನುವುದು ನಮಗೆ ಗೊತ್ತಿಲ್ಲ, ನಿಮಗೆ ಗೊತ್ತು. "ಇದು ಅಮ್ಮನ ಸ್ವಭಾವ ಅಲ್ಲ" ಎಂದು ಹೇಳಿ, ನಾವು ಬರೆದುಕೊಳ್ಳುತ್ತೇವೆ. ಕನ್ನಡಕ, ಕಿವಿಯ ಮೆಷಿನ್ ಇದ್ದರೆ ತನ್ನಿ, ಕಳೆದುಹೋಗುತ್ತದೆ ಅಂತ ಮನೆಯಲ್ಲಿ ಇಡಬೇಡಿ.

ಒಬ್ಬ ಡ್ಯೂಟಿ ಡಾಕ್ಟರ್

ಇದಕ್ಕೆ ಸೇರಿಸುತ್ತೇನೆ. 2021ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮಾರ್ಥಾ ಮಿಲ್ಸ್ ಎಂಬ 13 ವರ್ಷದ ಹುಡುಗಿ ಸೆಪ್ಸಿಸ್‌ನಿಂದ, ಅಂದರೆ ಸೋಂಕು ವಿಷಮಿಸಿ ಅಂಗಾಂಗಗಳು ಕೆಡುವ ಸ್ಥಿತಿಯಿಂದ, ತೀರಿಕೊಂಡಳು. ಮಗಳು ಕೆಡುತ್ತಿದ್ದಾಳೆ ಎಂದು ಅಪ್ಪ ಅಮ್ಮ ಹೇಳುತ್ತಲೇ ಇದ್ದರು. ಆಮೇಲೆ ಅವರ ಹೋರಾಟದಿಂದ 2024ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮಾರ್ಥಾ ನಿಯಮ ಬರತೊಡಗಿತು. ವಾರ್ಡಿನವರು ಕಿವಿಗೆ ಹಾಕಿಕೊಳ್ಳದಿದ್ದರೆ ಮನೆಯವರೇ ಬೇರೆ ತಂಡವನ್ನು ಕರೆಸಿ ನೋಡಿಸಬಹುದು. ಸೇರಿಸುವ ದಿನವೇ ಕೇಳಿ: "ನನಗೆ ಭಯವಾದರೆ ಸಿಸ್ಟರ್ ಬಿಟ್ಟು ಇನ್ಯಾರಿಗೆ ಫೋನ್ ಮಾಡಬೇಕು?" ನಂಬರ್ ಬರೆಸಿಕೊಳ್ಳಿ. ದೂರು ಕೊಡಲು ಅಲ್ಲ, ಆ ರಾತ್ರಿಗೆ ಬೇಕು.

ಆಸ್ಪತ್ರೆ ಫಾರ್ಮಸಿಯಲ್ಲಿ ಇರುವವರು

ಡಿಸ್ಚಾರ್ಜ್ ಬಗ್ಗೆ ಯಾರೂ ಬರೆದಿಲ್ಲ. ಹೊಸಬ ಡಾಕ್ಟರ್ ಗಡಿಬಿಡಿಯಲ್ಲಿ ಬರೆದ ಸಮರಿ, ಅತ್ತ ಬಿಲ್ಲಿನ ಕ್ಯೂ, ಇತ್ತ ಮಂಚಕ್ಕೆ ಕಾಯುತ್ತಿರುವ ಇನ್ನೊಬ್ಬ ರೋಗಿ. ನನ್ನ ಕೌಂಟರಿಗೆ ಬರುವ ಗೊಂದಲ ಬಹುಪಾಲು ಹಳೆಯ ಮಾತ್ರೆಗಳದ್ದು. ಬಿಪಿ ಮಾತ್ರೆ ಆಪರೇಷನ್‌ಗೆ ನಿಲ್ಲಿಸಿರುತ್ತಾರೆ, ಮತ್ತೆ ಶುರು ಮಾಡಿ ಎಂದು ಸಮರಿಯಲ್ಲಿ ಇರುವುದಿಲ್ಲ. ಅಥವಾ ಅದೇ ಔಷಧಿ ಬೇರೆ ಹೆಸರಿನಲ್ಲಿ ಬಂದು, ಮನೆಯಲ್ಲಿ ಎರಡೂ ನುಂಗುತ್ತಾರೆ. ಈಗ ಅಮ್ಮ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಮಾಡಿಟ್ಟುಕೊಳ್ಳಿ. ಹೊರಡುವ ದಿನ ಒಂದೊಂದರ ಮುಂದೆಯೂ "ಮುಂದುವರಿಸಿ, ನಿಲ್ಲಿಸಿ, ಬದಲಾಗಿದೆ" ಎಂದು ಡಾಕ್ಟರ್ ಕೈಯಲ್ಲೇ ಬರೆಸಿ.

ಸೊಂಟದ ಕೀಲಿನ ಆಪರೇಷನ್ ಆದವರಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೆಲವು ವಾರ ಔಷಧಿ ಇರುತ್ತದೆ. ಎಲ್ಲಿಯವರೆಗೆ ಎಂಬ ತಾರೀಕು ಕೇಳಿ ಪಡೆಯಿರಿ. ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಏದುಸಿರು, ಗಾಯದಿಂದ ನೀರು ಸೋರುವುದು, ಇವುಗಳಿಗೆ ಮುಂದಿನ ಅಪಾಯಿಂಟ್‌ಮೆಂಟ್ ತನಕ ಕಾಯಬೇಡಿ. ಅಂಥ ಹೊತ್ತಿಗೆ ಯಾವ ನಂಬರ್ ಎಂದು ಕೇಳಿಕೊಳ್ಳಿ. ಓಪಿಡಿ ನಂಬರ್ ಕೊಟ್ಟರೆ, ರಾತ್ರಿ ಅದನ್ನು ಯಾರು ಎತ್ತುತ್ತಾರೆ ಅನ್ನುವುದನ್ನೂ ಕೇಳಿ.