ಅಪ್‌ಡೇಟ್: ಟೊರ್ಟೆಲ್ಲೋನಿ ಈ ಸಲ ಬಾಯಿ ಬಿಡಲಿಲ್ಲ

ಮನೆಯಲ್ಲಿ ಮಾಡಿದ ಟೊರ್ಟೆಲ್ಲೋನಿ (ಹೂರಣ ತುಂಬಿದ ಇಟಲಿಯ ಪಾಸ್ತಾ) ಕುದಿಯುವ ನೀರಿಗೆ ಬಿದ್ದ ಕೂಡಲೇ ಬಿಚ್ಚಿಕೊಳ್ಳುತ್ತವೆ, ಹೂರಣವೆಲ್ಲ ನೀರುಪಾಲು ಅಂತ ಹೋದ ವಾರ ಕೇಳಿದ್ದೆನಲ್ಲ? ನಿನ್ನೆ ಮತ್ತೆ ಮಾಡಿದೆ. 36ರಲ್ಲಿ ಎರಡೇ ಒಡೆದವು!

ಹಿಟ್ಟು ಮೊದಲಿನದೇ. 100 ಗ್ರಾಂ ಮೈದಾಗೆ ಒಂದು ಮೊಟ್ಟೆ, ನಾದಿ ಅರ್ಧ ಗಂಟೆ ಮುಚ್ಚಿಟ್ಟೆ. ತಪ್ಪು ಇದ್ದದ್ದು ನನ್ನ ನಿಧಾನದಲ್ಲಿ. ಎಲ್ಲವನ್ನೂ ಒಟ್ಟಿಗೆ ಲಟ್ಟಿಸಿ, ಚೌಕ ಕತ್ತರಿಸಿ, ಆಮೇಲೆ ಒಂದೊಂದೇ ತುಂಬುತ್ತಾ ಕೂರುತ್ತಿದ್ದೆ. ಅಷ್ಟರಲ್ಲಿ ಅಂಚು ಒಣಗಿಬಿಡುತ್ತಿತ್ತು. ಒಣಗಿದ ಅಂಚು ಎಷ್ಟು ಒತ್ತಿದರೂ ಅಂಟುವುದಿಲ್ಲ. ನಮ್ಮ ಕರ್ಜಿಕಾಯಿಯದೂ ಇದೇ ಕಥೆ ಅಲ್ವಾ? ಈ ಸಲ ಸ್ವಲ್ಪ ಸ್ವಲ್ಪವೇ ಲಟ್ಟಿಸಿದೆ, ಉಳಿದ ಹಿಟ್ಟನ್ನು ಮುಚ್ಚಿಟ್ಟೆ.

ಹೂರಣದ ರಿಕೋಟಾವನ್ನು (ಪನೀರಿನಂಥ ಮೆದು ಚೀಸ್) ರಾತ್ರಿಯೇ ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ್ದೆ, ಪಾಲಕ್ ಚೆನ್ನಾಗಿ ಹಿಂಡಿದ್ದೆ. ತ್ರಿಕೋನ ಮಡಿಸುವಾಗ ಹೂರಣದ ಸುತ್ತಲಿನ ಗಾಳಿಯನ್ನು ಮೊದಲು ಹೊರಗೆ ಒತ್ತಿದೆ. ಆಮೇಲೆ ಬೆರಳಿಗೆ ಸುತ್ತಿ, ಎರಡು ತುದಿ ಸೇರಿಸಿ ಗಟ್ಟಿಯಾಗಿ ಚಿವುಟಿದೆ. ನೀರನ್ನೂ ಜಾಸ್ತಿ ಕುದಿಸಲಿಲ್ಲ.

ಮುಂದೆ ಟೊರ್ಟೆಲ್ಲಿನಿ ಮಾಡು ಅಂತಿದ್ದಾರೆ ಗೆಳತಿ. ಅವು ಬೆರಳ ತುದಿಯಷ್ಟೇ ಚಿಕ್ಕವು, ಒಳಗೆ ಹಂದಿಮಾಂಸ, ಬಡಿಸುವುದು ಸಾರಿನಲ್ಲಿ. ಇಟಲಿಯ ಬೊಲೊನ್ಯಾ ನಗರದಲ್ಲಿ ಅದರ ಹೂರಣದ ಅಳತೆಯನ್ನು 1974ರಲ್ಲಿ ವಾಣಿಜ್ಯ ಮಂಡಳಿಯಲ್ಲೇ ನೋಂದಾಯಿಸಿಟ್ಟಿದ್ದಾರೆ. ನನ್ನ ದಪ್ಪ ಬೆರಳಿಗೆ ಸದ್ಯಕ್ಕೆ ಟೊರ್ಟೆಲ್ಲೋನಿಯೇ ಸಾಕು.